ಮುಂಜಾವಿನ ಬಾಯಲ್ಲಿ ಬಂಗಾರ

ಕಳೆದ ವರ್ಷ ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಹತ್ತಿರ ಹತ್ತಿರ ಮೂರು ತಿಂಗಳು, ನಾನು ಮತ್ತು ನಮ್ಮ ಮನೆಯವರು ನಾರ್ವೆಯ ಓಸ್ಲೋ ನಗರದಲ್ಲಿ ಮಗಳ ಮನೆಯಲ್ಲಿದ್ದೆವು. ಊರು ಬದಲಾದರೂ ನನ್ನ ರೂಢಿ ಬದಲಾಗಲಿಲ್ಲ. ಬೆಳಗಿನ ಐದಕ್ಕೆ ಎದ್ದು, ಮಿಂದು, ಇಷ್ಟಲಿಂಗ ಪೂಜೆಗೆ ಕೂಡುತ್ತಿದ್ದೆ. ಒಂದು ದಿನ ಬೇಗ ಎದ್ದ ಮೊಮ್ಮಗ ನನ್ನನ್ನು ನೋಡಿ, ಪೂಜೆ ಮುಗಿಯುವವರೆಗೆ ಸುಮ್ಮನಿದ್ದು, ಆಮೇಲೆ ಹೇಳಿದ: "ಅಜ್ಜಾ, ಮೋರ್ಗೆನ್‌ಸ್ಟುನ್ ಹಾರ್ ಗುಲ್ ಇ ಮುನ್!"

ಅದು ಅಲ್ಲಿ ಎಲ್ಲರ ಬಾಯಲ್ಲಿರುವ ಗಾದೆಯಂತೆ. "ಮುಂಜಾನೆಯ ಹೊತ್ತಿನ ಬಾಯಲ್ಲಿ ಬಂಗಾರವಿದೆ" ಎಂದು ಅರ್ಥ. ಮೋರ್ಗೆನ್ ಎಂದರೆ ಮುಂಜಾನೆ, ಗುಲ್ ಎಂದರೆ ಬಂಗಾರ, ಮುನ್ ಎಂದರೆ ಬಾಯಿ. ನಾನು 'ಸ್ಟುಂಡ್' ಎಂದು ಅಂದಾಗ ಅವನು ನಕ್ಕು ತಿದ್ದಿದ: "ಬರಿಯೂವಾಗ ಡ ಇರ್ತದ ಅಜ್ಜಾ, ಅನ್ನೂವಾಗ ಇರೂದಿಲ್ಲ." ಆ 'ಡ' ಬಿಟ್ಟಾಗಲೇ ಸ್ಟುನ್‌ಗೂ ಮುನ್‌ಗೂ ಪ್ರಾಸ ಕೂಡುತ್ತದೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು ಅಂದು ವಿದ್ಯಾರ್ಥಿಯಾದೆ.

ಈ ಗಾದೆ ನಾರ್ವೆಯೊಂದರದೇ ಅಲ್ಲ. ಜರ್ಮನ್, ಡೇನಿಶ್, ಸ್ವೀಡಿಶ್ ಭಾಷೆಗಳಲ್ಲಿಯೂ ಇದೇ ಮಾತಿದೆ. ಆದರೆ ನಾರ್ವೆಯಲ್ಲಿ ಇದನ್ನು ಕೇಳಿದಾಗ ನನಗೊಂದು ಸಂಶಯ ಬಂತು. ಡಿಸೆಂಬರ್ ನಡುವಿನ ಓಸ್ಲೋದಲ್ಲಿ ಸೂರ್ಯ ಹುಟ್ಟುವುದು ಒಂಬತ್ತರ ಮೇಲೆ, ಮುಳುಗುವುದು ಮೂರೂ ಕಾಲರ ಒಳಗೆ. ಉತ್ತರದ ಟ್ರೊಮ್ಸೋ ಊರಿನಲ್ಲಿ ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಸೂರ್ಯ ಮೇಲೇಳುವುದೇ ಇಲ್ಲ. ಇಂಥ ನಾಡಿನಲ್ಲಿ ಯಾವ ಮುಂಜಾವು, ಎಲ್ಲಿಯ ಬಂಗಾರ? ಉತ್ತರ ಅಲ್ಲಿಯ ಜನರ ನಡೆಯಲ್ಲಿ ಸಿಕ್ಕಿತು. ಕತ್ತಲಲ್ಲಿಯೇ ಎದ್ದು, ಬುತ್ತಿ ಕಟ್ಟಿಕೊಂಡು, ಎಂಟಕ್ಕೆ ಕೆಲಸದಲ್ಲಿರುತ್ತಾರೆ. ನಾಲ್ಕಕ್ಕೆಲ್ಲ ಮನೆಯತ್ತ ಹೊರಡುತ್ತಾರೆ. ಸೂರ್ಯ ಬೆಳಕು ಕೊಡದಿದ್ದರೂ ಅವರ ಮುಂಜಾವು ತಪ್ಪುವುದಿಲ್ಲ.

ನಮ್ಮಲ್ಲಿ "ಗಾಳಿ ಬಂದಾಗ ತೂರಿಕೋ" ಎನ್ನುತ್ತೇವೆ. ಅದು ಕಣದಲ್ಲಿ ನಿಂತ ರೈತನ ವಿವೇಕ. ಗಾಳಿ ಬರುವುದು ನಮ್ಮ ಕೈಯಲ್ಲಿಲ್ಲ, ಬಂದಾಗ ಎಚ್ಚರವಿರಬೇಕು. ನಾರ್ವೆಯ ಗಾದೆ ಇನ್ನೊಂದು ಮಾತು ಹೇಳುತ್ತದೆ: ಮುಂಜಾವು ದಿನಾಲೂ ಬರುತ್ತದೆ, ಎಲ್ಲರ ಮನೆಗೂ ಬರುತ್ತದೆ. ಇದರಲ್ಲಿ ನನಗೆ ಹಿಡಿಸಿದ್ದು ಈ ಸಮಾನತೆಯೇ. "ಹೊತ್ತೇ ಹಣ" ಎಂಬ ಮಾತೂ ಅಲ್ಲಿದೆ, ಇಲ್ಲಿಯೂ ಇದೆ. ಆದರೆ ಹೊತ್ತನ್ನು ಹಣದಿಂದ ಅಳೆದರೆ ದೊಡ್ಡವರ ಹೊತ್ತು ತುಟ್ಟಿ, ಕೂಲಿಯವರ ಹೊತ್ತು ಸೋವಿ ಎಂದಾಗುತ್ತದೆ. ಮುಂಜಾವಿನ ಬಂಗಾರಕ್ಕೆ ಆ ಭೇದವಿಲ್ಲ.

ಅಕ್ಟೋಬರಿನ ಒಂದು ಶನಿವಾರ ಮಗಳ ಮನೆಯ ಸಮುಚ್ಚಯದಲ್ಲಿ 'ಡುಗ್ನಾಡ್' ಇತ್ತು. ನೆರೆಹೊರೆಯವರು ಕೂಡಿ, ಕೂಲಿ ಇಲ್ಲದೆ, ಎಲ್ಲರಿಗಾಗಿ ಮಾಡುವ ಕೆಲಸಕ್ಕೆ ಅಲ್ಲಿ ಆ ಹೆಸರು. ಹನ್ನೊಂದು ಗಂಟೆಗೆಂದು ಚೀಟಿ ಅಂಟಿಸಿದ್ದರು. ಹನ್ನೊಂದಕ್ಕೆ ಸರಿಯಾಗಿ ಎಲೆ ಗುಡಿಸುವುದು ಶುರುವಾಯಿತು. ಒಬ್ಬರು ವೈದ್ಯರು, ಒಬ್ಬರು ಬಸ್ ಚಾಲಕರು. ಯಾರು ಯಾರೆಂದು ಮಗಳು ಹೇಳುವವರೆಗೆ ನನಗೆ ತಿಳಿಯಲಿಲ್ಲ. ಯಾರೂ ಯಾರಿಗಾಗಿಯೂ ಕಾಯಲಿಲ್ಲ. ಕಾಯಕ, ದಾಸೋಹ ಎಂದು ವೇದಿಕೆಯ ಮೇಲೆ ನಾನು ಎಷ್ಟೋ ಸಲ ಮಾತಾಡಿದ್ದೇನೆ. ಅಂದು ಕೈಯಲ್ಲಿ ಕಸಬರಿಗೆ ಹಿಡಿದು ತಲೆತಗ್ಗಿಸಿದೆ.

ಏಕೆಂದರೆ ನನಗೊಂದು ಹಳೆಯ ತಪ್ಪು ನೆನಪಾಯಿತು. ಕೆಲವು ವರ್ಷಗಳ ಹಿಂದೆ ನಮ್ಮೂರಲ್ಲಿ ನಾನೇ ಮುಂದಾಗಿ ಒಂದು ಚಿಂತನಗೋಷ್ಠಿ ಏರ್ಪಡಿಸಿದ್ದೆ. ವಿಷಯ ಸಮಾನತೆ. ಹತ್ತಕ್ಕೆಂದು ಕರೆಯೋಲೆಯಲ್ಲಿ ಅಚ್ಚು ಹಾಕಿಸಿ, ಮುಖ್ಯ ಅತಿಥಿಗಳಿಗಾಗಿ ಹನ್ನೆರಡೂವರೆವರೆಗೆ ಜನರನ್ನು ಕೂಡ್ರಿಸಿದೆ. ಮುಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಎದ್ದು ಬಂದು, "ಸರ, ಅರ್ಧಾ ಪಗಾರ ಬಿಟ್ಟು ಬಂದಿದ್ನಿ. ಇನ್ನ ಕುಂತ್ರ ಮಧ್ಯಾಹ್ನದ್ದೂ ಹೋಗ್ತೈತಿ" ಎಂದು ಕೈಮುಗಿದು ಹೊರಟುಹೋದರು. ಸಮಾನತೆಯ ಮಾತು ಶುರುವಾಗುವ ಮೊದಲೇ ನಾವು ಅವರನ್ನು ಅಸಮಾನರನ್ನಾಗಿ ಮಾಡಿದ್ದೆವು. ಕಾಯಿಸುವವನು ಮೇಲು, ಕಾಯುವವನು ಕೀಳು ಎಂಬುದೂ ಒಂದು ಶ್ರೇಣಿಯೇ. ಜಾತಿಯ ಶ್ರೇಣಿಯನ್ನು ಖಂಡಿಸುವ ನಮಗೆ ಇದು ಕಣ್ಣಿಗೆ ಬೀಳುವುದಿಲ್ಲ.

ಗಾದೆಯ ಅರ್ಥವನ್ನು ನಮ್ಮ ಮನೆಯವರಿಗೆ ಹಿಗ್ಗಿನಿಂದ ಹೇಳಿದೆ. ಅವರು ಶಾಂತವಾಗಿ ಉತ್ತರಿಸಿದರು: "ಮಾತು ಖರೇ ಐತಿ. ಆದ್ರ ನನ್ನ ನಲವತ್ತು ವರ್ಷದ ಬಂಗಾರ ಒಲಿ ಮುಂದನ ಕರಗಿ ಹೋತು. ನೀವು ಪೂಜಿಗೆ ಕೂತಾಗ ನಾ ರೊಟ್ಟಿ ಬಡೀತಿದ್ನಿ." ಆ ದಿನವೆಲ್ಲ ನನಗೆ ಮಾತು ಹೊರಡಲಿಲ್ಲ. ನನ್ನ ಪ್ರಶಾಂತ ಮುಂಜಾವು ಅವರ ಮುಂಜಾವಿನಿಂದ ಕಡ ತಂದದ್ದಾಗಿತ್ತು.

ಬೇಗ ಏಳಿರೆಂದು ಉಪದೇಶಿಸುವುದು ಸುಲಭ. ಎದ್ದವರ ಹೊತ್ತು ಅವರದೇ ಆಗುವಂತೆ ನೋಡಿಕೊಳ್ಳುವುದು ಕಷ್ಟ. ನಾರ್ವೆಯವರು ಗಾದೆಯನ್ನಷ್ಟೇ ನಂಬಿ ಕೂಡಲಿಲ್ಲ. 1919ರಲ್ಲಿ ದಿನಕ್ಕೆ 8 ಗಂಟೆಯ ದುಡಿಮೆ ಎಂದು ಕಾನೂನು ಮಾಡಿದರು. 1993ರಲ್ಲಿ ಮಗು ಹುಟ್ಟಿದಾಗಿನ ರಜೆಯಲ್ಲಿ 4 ವಾರಗಳನ್ನು ತಂದೆಗೆಂದೇ ಮೀಸಲಿಟ್ಟರು. ತಂದೆ ತೆಗೆದುಕೊಳ್ಳದಿದ್ದರೆ ಆ ರಜೆ ಸಾಮಾನ್ಯವಾಗಿ ತಾಯಿಗೂ ಸಿಗುವುದಿಲ್ಲ, ಹೋಗಿಯೇ ಬಿಡುತ್ತದೆ. ಹೊತ್ತನ್ನು ಹಂಚಿಕೊಳ್ಳುವುದು ಮನಸ್ಸಿಗೆ ಬಿಟ್ಟ ಮಾತಲ್ಲ, ವ್ಯವಸ್ಥೆಯ ಮಾತು ಎಂದು ಅವರು ತಿಳಿದರು.

ನಾವು ಕಾನೂನಿಗೆ ಕಾಯಬೇಕಾಗಿಲ್ಲ. ನಮ್ಮ ಸಭೆ, ಗೋಷ್ಠಿ, ಮದುವೆಗಳು ಅಚ್ಚಾದ ಹೊತ್ತಿಗೇ ಶುರುವಾಗಲಿ. ಅತಿಥಿಗಳು ಬಾರದಿದ್ದರೆ ಸಭೆಯಲ್ಲಿ ಕುಳಿತ ಒಬ್ಬ ತಾಯಿ ಮೊದಲ ಮಾತಾಡಲಿ. ಮನೆಯಲ್ಲಿ ಗಂಡಸರು ಒಲೆಯ ಮುಂದಿನ ಕೆಲಸದಲ್ಲಿ ಪಾಲು ತೆಗೆದುಕೊಳ್ಳಲಿ. ಹೆಣ್ಣುಮಕ್ಕಳಿಗೂ ಪೂಜೆಗೆ, ಓದಿಗೆ, ಸುಮ್ಮನೆ ಕೂಡುವುದಕ್ಕೆ ಒಂದು ಮುಂಜಾವು ಸಿಗಲಿ.

ಊರಿಗೆ ಮರಳಿದ ಮೇಲೆ ದಿನ ಬಿಟ್ಟು ದಿನ ಬೆಳಗಿನ ಅಡುಗೆ ನನ್ನದು. ರೊಟ್ಟಿ ಇನ್ನೂ ದುಂಡಗಾಗುತ್ತಿಲ್ಲ. ಆದರೆ ಆ ಹೊತ್ತಿಗೆ ಒಳಗಿನ ಕೋಣೆಯಲ್ಲಿ ನಮ್ಮ ಮನೆಯವರು ಅವಸರವಿಲ್ಲದೆ ಪೂಜೆಗೆ ಕೂತಿರುತ್ತಾರೆ.