ಕ್ಯಾನ್ಸರ್ ಚಿಕಿತ್ಸೆ: ಯೋಜನೆಯ ಲೆಕ್ಕಕ್ಕೆ ಸಿಗದ ಖರ್ಚು

ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳಾಗಲಿ, ಮಹಾಲಿಂಗಪುರದ ಬೆಲ್ಲದ ಪೇಟೆಯಾಗಲಿ, ಜಮಖಂಡಿ, ಮುಧೋಳ, ಬೀಳಗಿ ತಾಲೂಕುಗಳ ಸಕ್ಕರೆ ಕಾರ್ಖಾನೆಗಳಾಗಲಿ ನಡೆಯುವುದು ದುಡಿಯುವ ಕೈಗಳ ಬಲದಿಂದ. ಈ ದುಡಿಮೆಗಾರರಿಗೆ ಕ್ಯಾನ್ಸರ್ ತಗುಲಿದರೆ ಅದು ವೈದ್ಯರಿಗೆ ಸೇರಿದ ವಿಷಯವೆಂದು ಉದ್ಯಮ ವಲಯವು ಪಕ್ಕಕ್ಕೆ ಸರಿಯುತ್ತದೆ. ಆದರೆ ಯಾರು ಉಳಿಯುತ್ತಾರೆ, ಯಾರು ಸಾಯುತ್ತಾರೆ ಎಂಬುದರಲ್ಲಿ ಹಣಕಾಸಿನ ಪಾತ್ರ ಔಷಧದಷ್ಟೇ ದೊಡ್ಡದು.

2012ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು, ಭಾರತದಲ್ಲಿ 2010ನೇ ವರ್ಷ ಸುಮಾರು 5.56 ಲಕ್ಷ ಜನ ಕ್ಯಾನ್ಸರಿಗೆ ಬಲಿಯಾದರೆಂದು ಅಂದಾಜಿಸಿತು. ಅವರಲ್ಲಿ ಶೇ. 71ರಷ್ಟು ಜನ 30ರಿಂದ 69 ವರ್ಷದವರು, ಅಂದರೆ ಸಂಸಾರದ ಭಾರ ಹೊತ್ತವರು. ಅನಕ್ಷರಸ್ಥ ಪುರುಷರಲ್ಲಿ ಲಕ್ಷಕ್ಕೆ 106.6ರಷ್ಟಿದ್ದ ಮರಣ ಪ್ರಮಾಣವು ಉನ್ನತ ಶಿಕ್ಷಣ ಪಡೆದವರಲ್ಲಿ 45.7 ಮಾತ್ರ. ಹಳ್ಳಿ-ಪಟ್ಟಣಗಳ ಮರಣ ಪ್ರಮಾಣ ಹೆಚ್ಚುಕಡಿಮೆ ಸಮ. ಇದರಿಂದ ಸಮಾಧಾನಪಡುವಂತಿಲ್ಲ. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಿಂದ ನಡೆದುಬಂದ ಗ್ರಾಮೀಣ ನೋಂದಣಿಯ ಪ್ರಕಾರ ಹಳ್ಳಿಗಳಲ್ಲಿ ರೋಗ ತಗುಲುವ ಪ್ರಮಾಣ ಮಹಾನಗರಗಳಿಗಿಂತ ಬಹಳ ಕಡಿಮೆ. ರೋಗಿಗಳು ಕಡಿಮೆಯಿದ್ದು ಮರಣ ಸಮವಾಗಿದೆಯೆಂದರೆ, ರೋಗಕ್ಕೆ ತುತ್ತಾದ ಹಳ್ಳಿಗರಲ್ಲಿ ಬದುಕುಳಿಯುವವರು ಕಡಿಮೆ ಎಂದೇ ಅರ್ಥ. ಶ್ರೀಮಂತ ಅಮೆರಿಕೆಯೂ ಇದಕ್ಕೆ ಹೊರತಲ್ಲ. 1950ರ ದಶಕದಲ್ಲಿ ಅಲ್ಲಿ ಸ್ಥಿತಿವಂತರ ಪ್ರದೇಶಗಳಲ್ಲಿ ಹೆಚ್ಚಾಗಿದ್ದ ಕ್ಯಾನ್ಸರ್ ಮರಣ, ನಂತರದ ದಶಕಗಳಲ್ಲಿ ಬಡವರ ಪ್ರದೇಶಗಳಿಗೆ ತಿರುಗಿತು.

‘ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ’ ಯೋಜನೆಯು 2018ರಿಂದ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ಒದಗಿಸಿದೆ. ಹೀಗಿದ್ದೂ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದೇಕೆ? ಬಾಯಿ ಅಥವಾ ಗರ್ಭಕೊರಳಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆಯೆಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ. ಅದಕ್ಕಾಗಿ ಹುಬ್ಬಳ್ಳಿಯ ನವನಗರ, ಬೆಳಗಾವಿ ಅಥವಾ ಮಿರಜಿಗೆ ಹೋಗಬೇಕು. ಇಲ್ಲವೆ ಐದುನೂರು ಕಿಲೋಮೀಟರಿಗೂ ದೂರದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ. ಮಗ್ಗದ ಕೂಲಿ ನೇಯ್ದ ಬಟ್ಟೆಯ ಲೆಕ್ಕದಲ್ಲಿ ಸಂದಾಯವಾಗುವುದರಿಂದ ಮಗ್ಗ ನಿಂತ ದಿನವೇ ಕೂಲಿಯೂ ನಿಲ್ಲುತ್ತದೆ. ಜೊತೆಗೆ ಹೋದವರ ಕೂಲಿಯೂ ಇಲ್ಲ. ದಂಪತಿಗಳ ದಿನದ ದುಡಿಮೆ ₹800 ಎಂದು ಹಿಡಿದರೂ 45 ದಿನಕ್ಕೆ ₹36,000. ಖೋಲಿ ಬಾಡಿಗೆ, ಊಟ, ಬಸ್ ಖರ್ಚು ಬೇರೆ. ಮಾಲೀಕರಿಂದ ಪಡೆದ ಮುಂಗಡದ ಬಾಕಿ ಮೇಲೆ. ಯೋಜನೆಯ ಹಣ ಆಸ್ಪತ್ರೆಗೆ ಸಂದಾಯವಾಗುತ್ತದೆಯೇ ಹೊರತು ಈ ಬಾಬತ್ತುಗಳಿಗಲ್ಲ.

ಇ.ಎಸ್.ಐ. ವ್ಯವಸ್ಥೆ ಈ ಕೊರತೆಯನ್ನು ತುಂಬಬಲ್ಲದು. ₹21,000ದವರೆಗೆ ವೇತನವಿದ್ದು, ಎರಡು ವರ್ಷ ಸೇವೆ ಹಾಗೂ ನಿಗದಿತ ವಂತಿಗೆ ಪೂರೈಸಿದ ವಿಮಾದಾರನಿಗೆ ಕ್ಯಾನ್ಸರ್ ಬಂದರೆ ಎರಡು ವರ್ಷದವರೆಗೆ ಶೇ. 80ರಷ್ಟು ವೇತನ ದೊರೆಯುವ ಅವಕಾಶವಿದೆ. ಮಾಲೀಕರ ಪಾಲು ಕೇವಲ ಶೇ. 3.25. ಆದರೆ ಹತ್ತು ಜನರ ಮಿತಿಯ ಕೆಳಗಿನ ನಾಲ್ಕಾರು ಮಗ್ಗಗಳ ಘಟಕಗಳಿಗೆ ಇದು ಕಡ್ಡಾಯವಲ್ಲ. ಹಾಜರಿ ಪುಸ್ತಕದಲ್ಲಿ ಹೆಸರುಗಳನ್ನು ಒಂಬತ್ತಕ್ಕೇ ನಿಲ್ಲಿಸುವ ಜಾಣತನಕ್ಕೆ ಬೆಲೆ ತೆರುವವರು ಕಾರ್ಮಿಕರು. ಇನ್ನು ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ದೊರೆಯುವ ಕಡಿತವು ತೆರಿಗೆ ಕಟ್ಟುವವನಿಗೆ ಮಾತ್ರ; ನೇಕಾರನಿಗೆ ಅದರಿಂದ ಬಿಡಿಗಾಸಿನ ಪ್ರಯೋಜನವಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿ.ಎಸ್.ಟಿ. ವಿನಾಯಿತಿ ದೊರೆತರೂ, ಕಾರ್ಮಿಕರಿಗಾಗಿ ಮಾಲೀಕರು ಮಾಡಿಸುವ ಗುಂಪು ವಿಮೆಗೆ ಅದು ಅನ್ವಯಿಸಲಿಲ್ಲ. ಈ ವಿಷಯವನ್ನು ವಾಣಿಜ್ಯ ಸಂಸ್ಥೆಗಳು ಸರ್ಕಾರದ ಮುಂದೆ ಪಟ್ಟುಹಿಡಿದು ಮಂಡಿಸಬೇಕು.

ತಪಾಸಣೆಯ ಫಲವೂ ಸಾಬೀತಾಗಿದೆ. ಅಂದಿನ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ 1.31 ಲಕ್ಷ ಮಹಿಳೆಯರನ್ನೊಳಗೊಂಡು ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದೇ ಬಾರಿಯ ಎಚ್.ಪಿ.ವಿ. ಪರೀಕ್ಷೆಯಿಂದ ಗರ್ಭಕೊರಳಿನ ಕ್ಯಾನ್ಸರ್ ಮರಣ ಸುಮಾರು ಅರ್ಧಕ್ಕಿಳಿಯಿತು. ಬಾಯಿಯ ಕ್ಯಾನ್ಸರಿನ ವಿಷಯದಲ್ಲಿ ವ್ಯಾಪಾರಸ್ಥರ ಹೊಣೆ ಇನ್ನೂ ನೇರವಾದದ್ದು. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲಾ ಒಂದು ಚೀಟಿಯಲ್ಲಿ, ತಂಬಾಕು ಮತ್ತೊಂದು ಚೀಟಿಯಲ್ಲಿ ಅದೇ ಅಂಗಡಿಗಳಲ್ಲಿ ಮಾರಾಟವಾಗತೊಡಗಿತು. ಕೊಳ್ಳುವವರಲ್ಲಿ ಅನೇಕರು ಇದೇ ಮಗ್ಗ, ಗಾಣ, ಗೋದಾಮುಗಳ ಕೂಲಿಗಳು.

ಮಗ್ಗವೊಂದಕ್ಕೆ ತಿಂಗಳಿಗೆ ₹50ರಂತೆ ಸಾವಿರ ಮಗ್ಗಗಳ ಮಾಲೀಕರು ನಿಧಿ ಕೂಡಿಸಿದರೆ ವರ್ಷಕ್ಕೆ ₹6 ಲಕ್ಷವಾಗುತ್ತದೆ. ಮೇಲಿನ ಲೆಕ್ಕದಂತೆ, ಹದಿನಾರು ಕುಟುಂಬಗಳು ಚಿಕಿತ್ಸೆ ಮುಗಿಯುವವರೆಗೆ ಪರಊರಿನಲ್ಲಿ ನಿಲ್ಲಲು ಅಷ್ಟು ಸಾಕು.