ಬಾಳುವ ಅಪ್ಪಣೆ ಇದ್ದವಳಿಗೆ ದುಡಿಯುವ ಅಪ್ಪಣೆ ಏಕಿಲ್ಲ?



ಗೂಡಲೂರು ಕಡೆಯ ಒಂದು ತೋಟದ ಲೈನಿನಲ್ಲಿ ಈಚೆಗೆ ಒಬ್ಬ ತಾಯಿ ನಮ್ಮೊಡನೆ ಮಾತಿಗೆ ಕುಳಿತರು. ಅವರ ಮಗ ಓದಿ ಇಂಜಿನಿಯರಾಗಿ ಅಮೆರಿಕದಲ್ಲಿದ್ದಾನೆ. ಸೊಸೆಯೂ ಓದಿದವಳು, ಮದುವೆಗೆ ಮುಂಚೆ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದವಳು. "ಹೋಗಿ ಮೂರು ವರ್ಷ ಆಯ್ತು, ಅವಳು ಮನೇಲೇ ಕೂತಿದ್ದಾಳೆ. ನಾನು ಏಳು ತಿಂಗಳ ಬಸುರಿ ಇದ್ದಾಗಲೂ ಬೆನ್ನಿಗೆ ಬುಟ್ಟಿ ಹಾಕ್ಕೊಂಡು ಎಲೆ ಕಿತ್ತವಳು. ಓದಿದವರಿಗೆ ಮೈ ಬಗ್ಗೋದಿಲ್ಲವಾ?" ಎಂದು ಅವರು ಕೇಳಿದರು. ಆ ಮಾತಿನಲ್ಲಿ ಕೋಪಕ್ಕಿಂತ ಸಂಕಟವೇ ಹೆಚ್ಚಿತ್ತು. ಮಗನ ಓದಿಗೆ ಮಾಡಿದ ಸಾಲ ಇನ್ನೂ ತೀರಿರಲಿಲ್ಲ.

ಅವರಿಗೆ ಆ ದಿನ ಹೇಳಿದ್ದನ್ನೇ ಇಲ್ಲಿ ಎಲ್ಲರಿಗಾಗಿ ಬರೆಯುತ್ತಿದ್ದೇವೆ. ಸೊಸೆ ಸೋಮಾರಿಯಲ್ಲ. ಆ ದೇಶದ ಕಾನೂನು ಅವಳ ಕೈ ಕಟ್ಟಿದೆ. ಅವಳು ದುಡಿಯಬೇಕಾದರೆ ಒಂದು ಕಾರ್ಡು ಬೇಕು, ಆ ಕಾರ್ಡಿಗಾಗಿ ಅವಳು ಕಾಯುತ್ತಿದ್ದಾಳೆ. ನಮ್ಮ ಲೈನ್ ಮನೆಗಳಿಂದ ಅಮೆರಿಕಕ್ಕೆ ಹೋದವರು ಕೆಲವರೇ ಇರಬಹುದು. ಆದರೂ ದುಡಿಯಬಲ್ಲ ಕೈಗಳನ್ನು ಕಟ್ಟಿ ಕೂರಿಸುವ ಅನ್ಯಾಯ ಎಲ್ಲಿ ನಡೆದರೂ ಅದು ಕಾರ್ಮಿಕರ ವಿಷಯವೇ.

ಮೊದಲು ಕಾನೂನು ಏನೆಂದು ತಿಳಿಯೋಣ. ಅಮೆರಿಕದ ಕಂಪನಿಗಳು ಹೊರದೇಶದ ಓದಿದ ಕೆಲಸಗಾರರನ್ನು ತಮ್ಮ ಹೊಣೆಯ ಮೇಲೆ ಕರೆಸಿಕೊಳ್ಳುವ ಒಂದು ವೀಸಾ ಇದೆ. ಅದರ ಹೆಸರು ಎಚ್-1ಬಿ. 1990ರ ಕಾನೂನಿನಿಂದ ಬಂದದ್ದು. ಆ ಕೆಲಸಗಾರನ ಹೆಂಡತಿಗೆ, ಕೆಲಸಗಾರಳು ಹೆಂಗಸಾದರೆ ಆಕೆಯ ಗಂಡನಿಗೆ, ಸಿಗುವುದು ಎಚ್-4. ಎಚ್-4 ಇದ್ದವರು ಅಲ್ಲಿ ಸಂಸಾರ ಮಾಡಬಹುದು, ಓದಬಹುದು, ಮಕ್ಕಳನ್ನು ಸಾಕಬಹುದು. ಸಂಬಳಕ್ಕೆ ದುಡಿಯುವಂತಿಲ್ಲ. ಅನುಮತಿಯಿಲ್ಲದೆ ದುಡಿದರೆ ಆ ದೇಶದಲ್ಲಿರುವ ಹಕ್ಕಿಗೇ ಕುತ್ತು.

2015ರ ಮೇ 26ರಂದು ಜಾರಿಗೆ ಬಂದ ಒಂದು ನಿಯಮ ಈ ಬಾಗಿಲನ್ನು ಸ್ವಲ್ಪ ತೆರೆಯಿತು. ಕೆಲಸಗಾರನನ್ನು ಕಾಯಂ ನೆಲೆಗೆ, ಅಂದರೆ ಗ್ರೀನ್ ಕಾರ್ಡಿಗೆ, ಕಂಪನಿ ಶಿಫಾರಸು ಮಾಡಿ ಆ ಅರ್ಜಿ ಮಂಜೂರಾಗಿದ್ದರೆ, ಅಥವಾ ಅದೇ ದಾರಿಯಲ್ಲಿ ಅವನ ವೀಸಾ ಆರು ವರ್ಷ ಮೀರಿ ಮುಂದುವರಿದಿದ್ದರೆ, ಅವನ ಸಂಗಾತಿ ಕೆಲಸದ ಅನುಮತಿ ಕಾರ್ಡು ಕೇಳಬಹುದು. ಮೊದಲ ವರ್ಷ 1,79,600 ಮಂದಿ ಅರ್ಹರಾಗಬಹುದೆಂದು ಅಲ್ಲಿನ ಸರ್ಕಾರವೇ ಅಂದಾಜು ಮಾಡಿತ್ತು. 2017ರ ಕೊನೆಯ ಹೊತ್ತಿಗೆ 90,000ಕ್ಕೂ ಹೆಚ್ಚು ಮಂದಿ ಮೊದಲ ಬಾರಿಗೆ ಕಾರ್ಡು ಪಡೆದಿದ್ದರು. ಮಂಜೂರಾದ ಅರ್ಜಿಗಳಲ್ಲಿ ನೂರಕ್ಕೆ 93 ಭಾರತದಲ್ಲಿ ಹುಟ್ಟಿದವರವು. ಹತ್ತರಲ್ಲಿ ಒಂಬತ್ತಕ್ಕೂ ಮಿಕ್ಕಿ ಹೆಂಗಸರವು. ಆದ್ದರಿಂದ ಇದು ದೂರದ ಯಾರದೋ ಕಥೆಯಲ್ಲ, ನಮ್ಮ ಹೆಣ್ಣುಮಕ್ಕಳ ಕಥೆ.

ಈ ದಾರಿಯಲ್ಲಿ ಕಾಯುವುದು ಒಂದು ಸಲಕ್ಕೆ ಮುಗಿಯುವುದಿಲ್ಲ. ಮೊದಲು ಗಂಡನ ಕಂಪನಿಗೆ ಮನಸ್ಸು ಬರಬೇಕು. ಅದು ಶಿಫಾರಸು ಮಾಡುವ ಮುನ್ನ ಅಲ್ಲಿನ ಕಾರ್ಮಿಕ ಇಲಾಖೆಯ ಪ್ರಮಾಣಪತ್ರ ಬೇಕು; ಅದೊಂದಕ್ಕೇ ಈಚಿನ ವರ್ಷಗಳಲ್ಲಿ ಒಂದು ವರ್ಷ ಮೀರಿ ಹಿಡಿದಿದೆ. ಆಮೇಲೆ ಶಿಫಾರಸಿನ ಮಂಜೂರಾತಿ. ಅದಾದ ಮೇಲೆ ಹೆಂಡತಿಯ ಅರ್ಜಿ. 2024ರ ಏಪ್ರಿಲ್‌ನಲ್ಲಿ ಬಂದ ದರದಂತೆ ಕಾಗದದ ಅರ್ಜಿಗೆ 520 ಡಾಲರ್ ಶುಲ್ಕ. ಕಾರ್ಡು ಬಂದರೂ ಅದರ ಆಯುಷ್ಯ ಗಂಡನ ವೀಸಾ ಇರುವಷ್ಟೇ. ಸಾಮಾನ್ಯವಾಗಿ ಹೆಚ್ಚೆಂದರೆ ಮೂರು ವರ್ಷಕ್ಕೊಮ್ಮೆ ಎಲ್ಲವನ್ನೂ ಹೊಸದಾಗಿ ಕೇಳಬೇಕು.

ನಿಜವಾದ ಸಂಕಟ ಇರುವುದು ಈ ನವೀಕರಣದಲ್ಲಿ. ಕಾರ್ಡಿನ ಅವಧಿ ಮುಗಿಯುವ 180 ದಿನಗಳಿಗಿಂತ ಮುಂಚೆ ಅರ್ಜಿ ಹಾಕುವಂತಿಲ್ಲ. ಆದರೆ ಕಚೇರಿ ಆ 180 ದಿನಗಳಲ್ಲಿ ತೀರ್ಮಾನಿಸಬೇಕೆಂಬ ಕಟ್ಟಳೆ ಇಲ್ಲ. 2019ರ ಮಾರ್ಚ್‌ನಿಂದ ಈ ಸಂಗಾತಿಗಳೆಲ್ಲರೂ ಬೆರಳಚ್ಚು ಕೊಡಬೇಕೆಂಬ ಹೊಸ ಪದ್ಧತಿ ಬಂತು. ಮುಂದಿನ ವರ್ಷ ಕೊರೋನಾದಿಂದ ಬೆರಳಚ್ಚಿನ ಕೇಂದ್ರಗಳೇ ಮುಚ್ಚಿದವು. ಅರ್ಜಿಗಳು ರಾಶಿ ಬಿದ್ದವು, ಹಲವರಿಗೆ ಕಾಯುವಿಕೆ ಆರು ತಿಂಗಳು ದಾಟಿತು. ಕಾರ್ಡಿನ ತಾರೀಖು ಮುಗಿದ ಮರುದಿನ ಕಂಪನಿ ಅವಳನ್ನು ಕೆಲಸದಲ್ಲಿ ಇಟ್ಟುಕೊಳ್ಳುವಂತಿಲ್ಲ. ನಿನ್ನೆ ಲೆಕ್ಕ ಬರೆದವಳು, ಮಕ್ಕಳಿಗೆ ಪಾಠ ಹೇಳಿದವಳು ಇಂದು ಮನೆಗೆ. ತಪ್ಪು ಮಾಡಿದ್ದು ಕಚೇರಿ, ಕೂಲಿ ಮುರಿದದ್ದು ಅವಳದು.

ಇದನ್ನು ಎದುರಿಸಿ ಆ ಸಂಗಾತಿಗಳು ನ್ಯಾಯಾಲಯಕ್ಕೆ ಹೋದರು. 2021ರ ಮೇ ತಿಂಗಳಲ್ಲಿ ಬೆರಳಚ್ಚಿನ ಪದ್ಧತಿ ನಿಂತಿತು. ಅದೇ ವರ್ಷದ ನವೆಂಬರ್‌ನಲ್ಲಿ ಆದ ರಾಜಿಯಂತೆ, ನವೀಕರಣದ ಅರ್ಜಿ ಬಾಕಿ ಇರುವಾಗ ಹಳೆಯ ಕಾರ್ಡಿನ ಮೇಲೆಯೇ ಸ್ವಲ್ಪ ಕಾಲ ದುಡಿಯಲು ಅವಕಾಶ ಸಿಕ್ಕಿತು. ಆದರೆ ಎಚ್-4 ತಾರೀಖು ಇನ್ನೂ ಉಳಿದಿದ್ದರೆ ಮಾತ್ರ. ಹೆಚ್ಚಿನವರಿಗೆ ಎರಡೂ ಒಂದೇ ದಿನ ಮುಗಿಯುವುದರಿಂದ ಆ ಅವಕಾಶ ಅರ್ಧ ತುಂಬಿದ ಕೊಡದಂತಾಯಿತು. 2023ರ ಜನವರಿಯ ಇನ್ನೊಂದು ರಾಜಿಯಲ್ಲಿ, ಜೊತೆಯಾಗಿ ಸಲ್ಲಿಸಿದ ಗಂಡ ಹೆಂಡಿರ ಅರ್ಜಿಗಳನ್ನು ಒಟ್ಟಿಗೇ ನೋಡಲು ಕಚೇರಿ ಒಪ್ಪಿತು. ಅದರ ಅವಧಿ ಎರಡೇ ವರ್ಷ. 2025ರ ಜನವರಿಯಲ್ಲಿ ಮುಗಿಯಿತು. 2025ರ ಅಕ್ಟೋಬರ್ 30ರಿಂದ ಸಲ್ಲಿಸಿದ ನವೀಕರಣದ ಅರ್ಜಿಗಳಿಗೆ ಹಳೆಯ ಕಾರ್ಡು ತಾನಾಗಿ ಮುಂದುವರಿಯುವ ಸೌಲಭ್ಯವನ್ನೂ ಸರ್ಕಾರ ತೆಗೆದುಹಾಕಿತು. ಹೀಗೆ ಹೋರಾಡಿ ಪಡೆದದ್ದು ಒಂದೊಂದಾಗಿ ಕೈಬಿಟ್ಟಿತು.

ಗ್ರೀನ್ ಕಾರ್ಡು ಬಂದರೆ ಈ ಕಾಟವೇ ಇಲ್ಲವಲ್ಲ ಎಂದು ಕೇಳಬಹುದು. ಕೆಲಸದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡುಗಳು. ಹೆಂಡತಿ ಮಕ್ಕಳ ಲೆಕ್ಕವೂ ಅದರಲ್ಲೇ. ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ನೂರಕ್ಕೆ ಏಳರ ಮಿತಿ. ಚಿಕ್ಕ ದೇಶಕ್ಕೂ ಅಷ್ಟೇ, ಭಾರತಕ್ಕೂ ಅಷ್ಟೇ. ಅದರಿಂದ 2025ರ ಮಧ್ಯದಲ್ಲಿ ಭಾರತೀಯರ ಒಂದು ಮುಖ್ಯ ಸಾಲಿನಲ್ಲಿ 2013ಕ್ಕಿಂತ ಮುಂಚೆ ಸರದಿ ಹಿಡಿದವರಿಗೆ ಮಾತ್ರ ಕರೆ ಬರುತ್ತಿತ್ತು. ಹನ್ನೆರಡು ವರ್ಷ ಎಂದರೆ ಒಂದು ಮಗು ಹುಟ್ಟಿ ಏಳನೇ ತರಗತಿಗೆ ಬರುವಷ್ಟು ಕಾಲ. ಅಷ್ಟು ಕಾಲವೂ ಸಂಸಾರ ಒಬ್ಬರ ಹೆಸರಿನ ಮೇಲೆ ನಿಂತಿರಬೇಕು.

ಒಬ್ಬರ ಹೆಸರಿನ ಮೇಲೆ ಇಡೀ ಮನೆ ನಿಂತರೆ ಏನಾಗುತ್ತದೆಂದು ತೋಟದವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1951ರ ಪ್ಲಾಂಟೇಶನ್ ಲೇಬರ್ ಆಕ್ಟು ಕಾರ್ಮಿಕರಿಗೆ ಮನೆ ಕೊಡುವ ಹೊಣೆಯನ್ನು ತೋಟದ ಮಾಲೀಕನ ಮೇಲೆ ಹೊರಿಸಿತು. ಅದು ಒಳ್ಳೆಯದೇ ಆಯಿತು. ಆದರೆ ಮನೆ ಕೆಲಸಕ್ಕೆ ಅಂಟಿಕೊಂಡಿತು. ಚೆಕ್‌ರೋಲಿನಿಂದ ಹೆಸರು ಹೋದರೆ ಲೈನ್ ಮನೆಯೂ ಹೋಗುತ್ತದೆಂಬ ಭಯದಲ್ಲಿ ಎಷ್ಟು ಮಂದಿ ಮೇಸ್ತ್ರಿಯ ಬೈಗುಳ ನುಂಗಿಲ್ಲ? ಅಮೆರಿಕದಲ್ಲಿಯೂ ಇದೇ. ಎಚ್-1ಬಿ ಕೆಲಸಗಾರ ಕೆಲಸ ಕಳೆದುಕೊಂಡರೆ ಬೇರೆ ದಾರಿ ಹುಡುಕಲು ಹೆಚ್ಚೆಂದರೆ 60 ದಿನ. ಮನೆಯಲ್ಲಿ ಇನ್ನೊಂದು ಸಂಬಳ ಇಲ್ಲದವನು ಮೇಲಿನವರ ಎದುರು ತಲೆ ಎತ್ತುವುದು ಹೇಗೆ? ನಮ್ಮಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಚೆಕ್‌ರೋಲಿನಲ್ಲಿದ್ದ ಮನೆಗೆ ಎಷ್ಟು ಧೈರ್ಯ ಇರುತ್ತಿತ್ತೆಂದು ನೆನಪಿಸಿಕೊಳ್ಳಿ. ಹೆಂಡತಿಯ ಕಾರ್ಡು ಬರೀ ಅವಳ ಸಂಬಳವಲ್ಲ, ಗಂಡನ ಬೆನ್ನೆಲುಬು ಕೂಡ. ಗಂಡ ಒರಟನಾಗಿದ್ದರೆ ಅವಳಿಗೆ ಒಂದು ಆಸರೆಯೂ ಅದೇ.

ಎದುರು ಮಾತನ್ನೂ ಕೇಳಬೇಕು. ಕ್ಯಾಲಿಫೋರ್ನಿಯಾದ ಒಂದು ವಿದ್ಯುತ್ ಕಂಪನಿಯಲ್ಲಿ ಕೆಲಸ ಕಳೆದುಕೊಂಡ ಅಮೆರಿಕದ ಕೆಲಸಗಾರರು ಸೇರಿ, ಈ ಕಾರ್ಡು ತಮ್ಮ ಅನ್ನಕ್ಕೆ ಪೈಪೋಟಿ ತರುತ್ತದೆಂದು 2015ರಲ್ಲಿಯೇ ದಾವೆ ಹೂಡಿದರು. ಹತ್ತು ವರ್ಷ ನಡೆದ ಆ ದಾವೆಯನ್ನು ಕೇಳಲು ಅಲ್ಲಿನ ಸುಪ್ರೀಂ ಕೋರ್ಟು 2025ರ ಅಕ್ಟೋಬರ್‌ನಲ್ಲಿ ನಿರಾಕರಿಸಿತು, ನಿಯಮ ಉಳಿಯಿತು. ಕೋರ್ಟಿನಲ್ಲಿ ಸೋತರೆಂದು ಅವರ ನೋವು ಸುಳ್ಳಾಗುವುದಿಲ್ಲ. ಕೆಲಸ ಹೋದವನ ಸಂಕಟ ಎಲ್ಲ ದೇಶದಲ್ಲೂ ಒಂದೇ. ಆದರೆ ಕೂಲಿ ಇಳಿಸುವವರು ಯಾರು? ಬೇರೆ ಕಡೆ ಹೋಗಲಾಗದಂತೆ ಕಟ್ಟಿಹಾಕಿದ ಕೆಲಸಗಾರ ಸಿಕ್ಕಾಗ ಮಾಲೀಕ ಕೂಲಿ ಇಳಿಸುತ್ತಾನೆ. ಈ ಕಾರ್ಡು ಇದ್ದವಳು ಯಾವ ಮಾಲೀಕನಿಗೂ ಕಟ್ಟುಬಿದ್ದವಳಲ್ಲ. ಇಲ್ಲಿ ಸಂಬಳ ಕಡಿಮೆಯಾದರೆ ಅಲ್ಲಿ ಕೇಳಬಲ್ಲಳು. ಅಂಥವಳು ಊರಿನ ಕೆಲಸಗಾರನ ಪಕ್ಕದಲ್ಲಿ ನಿಲ್ಲುವವಳೇ ಹೊರತು ಅವನ ಕಾಲ ಕೆಳಗಿನ ನೆಲ ಕೀಳುವವಳಲ್ಲ.

ಹಾಗಾದರೆ ಏನು ಆಗಬೇಕು? ನಮ್ಮ ಅಭಿಪ್ರಾಯ ಒಂದೇ: ಗಂಡ ಹೆಂಡಿರು ಕೂಡಿ ಬಾಳಲು ಕೊಟ್ಟ ಅಪ್ಪಣೆಯಲ್ಲಿಯೇ ದುಡಿಯುವ ಅಪ್ಪಣೆಯೂ ಸೇರಿರಬೇಕು. ಇದೇನು ಆಗದ ಮಾತಲ್ಲ. ಕಂಪನಿಗಳು ತಮ್ಮ ಹೊರದೇಶದ ಶಾಖೆಯಿಂದ ಕಳಿಸುವ ಎಲ್-1 ಕೆಲಸಗಾರರ ಸಂಗಾತಿಗಳಿಗೆ ಅಮೆರಿಕವೇ 2021ರ ನವೆಂಬರ್‌ನಲ್ಲಿ ಇದನ್ನು ಒಪ್ಪಿಕೊಂಡಿತು. ಅವರಿಗೆ ಬೇರೆ ಕಾರ್ಡು ಬೇಡ. ಒಳಗೆ ಬಂದಾಗ ಸಿಗುವ ದಾಖಲೆಯೇ ಸಾಕು. ಬ್ರಿಟನ್ನಿನಲ್ಲಿ ನುರಿತ ಕೆಲಸಗಾರರ ಸಂಗಾತಿಗೆ ವೀಸಾದೊಡನೆಯೇ ಕೆಲಸದ ಹಕ್ಕು ಬರುತ್ತದೆ. ಆದರೆ ಅದೇ ದೇಶ ಮುದುಕರನ್ನೂ ರೋಗಿಗಳನ್ನೂ ನೋಡಿಕೊಳ್ಳುವ ಆರೈಕೆ ಕೆಲಸಕ್ಕೆ ಹೋಗುವವರು ಸಂಸಾರವನ್ನೇ ಕರೆತರಬಾರದೆಂದು 2024ರ ಮಾರ್ಚ್ 11ರಿಂದ ಕಟ್ಟು ಮಾಡಿತು. ಹೆಚ್ಚು ಸಂಬಳದವನ ಹೆಂಡತಿಗೆ ಒಂದು ನ್ಯಾಯ, ಕಡಿಮೆ ಸಂಬಳದವಳ ಗಂಡನಿಗೆ ಇನ್ನೊಂದು. ಇದನ್ನೂ ನಾವು ಗಮನಿಸಬೇಕು.

ರೂತಳ ಕಥೆ ನಮಗೆಲ್ಲ ಗೊತ್ತು. ಮೋವಾಬಿನಿಂದ ಬಂದ ಪರದೇಶಿ ಹೆಣ್ಣು, ಗಂಡ ಸತ್ತವಳು, ಜವೆಗೋದಿಯ ಸುಗ್ಗಿಯಲ್ಲಿ ಬೇತ್ಲೆಹೇಮಿಗೆ ಕಾಲಿಟ್ಟಳು. ಹೊಲಕ್ಕೆ ಹೋಗಿ ಹಕ್ಕಲಾಯ್ದಳು, ಅತ್ತೆಯನ್ನು ಸಾಕಿದಳು. ಪರದೇಶಿಗೂ ಹಕ್ಕಲು ಬಿಡಬೇಕೆಂದು ಅಲ್ಲಿ ಧರ್ಮಶಾಸ್ತ್ರವೇ ವಿಧಿಸಿತ್ತು. ಹೊಲದ ಬದುವಿನಲ್ಲಿ ಎರಡು ವರ್ಷ ಕಾದಿರು ಎಂದು ಹೇಳಿದ್ದರೆ ರೂತಳಾಗಲಿ ನೊವೊಮಿಯಾಗಲಿ ಉಳಿಯುತ್ತಿದ್ದರೇ?

ಕಾನೂನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ನಮ್ಮ ಕೈಯಲ್ಲಿರುವ ಕೆಲಸವೂ ಇದೆ. ಮಗಳನ್ನು ಹೊರದೇಶದ ಹುಡುಗನಿಗೆ ಕೊಡುವ ಮುಂಚೆ ಅವನ ಸಂಬಳವನ್ನಷ್ಟೇ ಕೇಳಬೇಡಿ. ಅವಳಿಗೆ ಯಾವ ವೀಸಾ, ಅದರಲ್ಲಿ ದುಡಿಯಬಹುದೇ, ಕಂಪನಿ ಗ್ರೀನ್ ಕಾರ್ಡಿಗೆ ಶಿಫಾರಸು ಮಾಡಿದೆಯೇ, ಅದು ಮಂಜೂರಾಗಿದೆಯೇ ಎಂದು ಕೇಳಿ. ಇಬ್ಬರ ಸಂಬಳ ನಂಬಿ ಸಾಲ ಮಾಡಬೇಡಿ. ಕಾರ್ಡು ಇದ್ದವರು ನವೀಕರಣಕ್ಕೆ 180 ದಿನ ಉಳಿದಿರುವಾಗಲೇ ಅರ್ಜಿ ಹಾಕಲಿ. ಒಂದು ವಾರವೂ ತಡಮಾಡುವುದು ಬೇಡ. ಯಾರೋ ದಲ್ಲಾಳಿ ಬೇಗ ಕೊಡಿಸುತ್ತೇನೆಂದರೆ ನಂಬಬೇಡಿ. ಹೆಚ್ಚು ಶುಲ್ಕ ಕಟ್ಟಿ 15 ಕೆಲಸದ ದಿನಗಳಲ್ಲಿ ಉತ್ತರ ಪಡೆಯುವ ದಾರಿ ಗಂಡನ ಎಚ್-1ಬಿ ಅರ್ಜಿಗೆ ಇದೆ, ಹೆಂಡತಿಯ ಈ ಕಾರ್ಡಿಗೆ ಇಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಫೋನಿನಲ್ಲಿ ಅವಳನ್ನು ಹಂಗಿಸಬೇಡಿ. ಬೆಳಿಗ್ಗೆ ಗಂಡ ಕೆಲಸಕ್ಕೆ ಹೋದ ಮೇಲೆ ಹಿಮ ಬಿದ್ದ ಊರಿನಲ್ಲಿ ನಾಲ್ಕು ಗೋಡೆಗಳ ನಡುವೆ ಕಲಿತ ವಿದ್ಯೆ ತುಕ್ಕು ಹಿಡಿಯುವುದನ್ನು ನೋಡುತ್ತಾ ಕೂರುವುದೂ ಒಂದು ದುಡಿತವೇ. ಅದಕ್ಕೆ ಕೂಲಿ ಮಾತ್ರ ಇಲ್ಲ. ಗೂಡಲೂರಿನ ಆ ತಾಯಿ ನಮ್ಮ ಮಾತು ಕೇಳಿ ಬಹಳ ಹೊತ್ತು ಸುಮ್ಮನಿದ್ದರು. "ಹಾಗಾದರೆ ಅವಳೂ ಹೆಸರು ಬೀಳೋದಕ್ಕೇ ಕಾಯ್ತಾ ಇದ್ದಾಳೆ ಅನ್ನಿ. ನಾನು ಟೆಂಪರವರಿಯಲ್ಲೇ ಒಂಬತ್ತು ವರ್ಷ ಕಾದವಳು" ಎಂದರು. ಆ ಭಾನುವಾರ ಅವರೇ ಸೊಸೆಗೆ ಫೋನು ಮಾಡಿದರೆಂದು ಆಮೇಲೆ ತಿಳಿಯಿತು. ನಮ್ಮ ಓದುಗರೂ ಹಾಗೆಯೇ ಮಾಡಲೆಂದು ಕೇಳಿಕೊಳ್ಳುತ್ತೇವೆ.