ಅಳಗೊಡದ ಪುಸ್ತಕಗಳು

"ಅಕ್ಕೋರೇ, ನಮ್ಮ ಹುಡುಗನಿಗೆ ಸಿಟ್ಟು ಜಾಸ್ತಿ. ಒಂದು ಒಳ್ಳೆ ಪುಸ್ತಕ ಹೇಳಿ." "ಮಗಳು ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ, ಧೈರ್ಯ ಬರುವಂಥದ್ದು ಏನಾದರೂ ಇದೆಯೇ?" ತಾಯಂದಿರು ಈಗೀಗ ನನ್ನನ್ನು ಹೀಗೆ ಕೇಳುತ್ತಾರೆ, ಔಷಧದಂಗಡಿಯಲ್ಲಿ ಕೆಮ್ಮಿಗೊಂದು, ಹೊಟ್ಟೆನೋವಿಗೊಂದು ಗುಳಿಗೆ ಕೇಳಿದ ಹಾಗೆ. ಕೇಳುವವರ ಮೇಲೆ ನನಗೆ ಬೇಸರವಿಲ್ಲ. ಮನೆಯ ಖರ್ಚೆಲ್ಲ ಕಳೆದು ಉಳಿದ ದುಡ್ಡಿನಲ್ಲಿ ಮಗುವಿಗೊಂದು ಪುಸ್ತಕ ಕೊಡಿಸಬೇಕು ಎಂದು ಒಬ್ಬ ತಾಯಿಗೆ ಅನ್ನಿಸುವುದೇ ದೊಡ್ಡ ಮಾತು. ನನ್ನ ಜಗಳ ಇರುವುದು ಆ ಗುಳಿಗೆ ಮಾಡಿ ಮಾರುವವರ ಜೊತೆ.

ಪುಸ್ತಕ ಪ್ರದರ್ಶನಕ್ಕೆ ಹೋದರೆ 'ಜೀವನ ಕೌಶಲ', 'ಭಾವನಾತ್ಮಕ ಸ್ವಾಸ್ಥ್ಯ' ಎಂದು ಬರೆದ ಒಂದು ಮೇಜೇ ಇರುತ್ತದೆ. ನುಣುಪು ಕಾಗದ, ದೊಡ್ಡ ಚಿತ್ರ, ಅದಕ್ಕೆ ತಕ್ಕ ಬೆಲೆ. ಹತ್ತು ಪುಸ್ತಕ ತೆಗೆದು ನೋಡಿ, ಎಂಟರಲ್ಲಿ ಒಂದೇ ಕಥೆ. ಮೊಲದ ಮರಿಗೋ ಆನೆಯ ಮರಿಗೋ ಸಿಟ್ಟು ಬರುತ್ತದೆ. ಅದು ಆಟದ ಸಾಮಾನು ಒಗೆಯುತ್ತದೆ. ಎಲ್ಲರೂ ಅದರಿಂದ ದೂರ ಸರಿಯುತ್ತಾರೆ. ಆಗ ಅಜ್ಜಿ ಆನೆಯೋ ಕನ್ನಡಕ ಹಾಕಿದ ಗೂಬೆಯೋ ಬಂದು ಹತ್ತು ಎಣಿಸು, ದೀರ್ಘವಾಗಿ ಉಸಿರೆಳೆ ಎನ್ನುತ್ತದೆ. ಮರಿ ಎಣಿಸುತ್ತದೆ, ನಗುತ್ತದೆ, ಕ್ಷಮೆ ಕೇಳುತ್ತದೆ. ಕೊನೆಯ ಪುಟದಲ್ಲಿ 'ನಾವು ಕಲಿತದ್ದು' ಎಂದು ಮೂರು ಸಾಲು. ಆ ಮರಿಗೆ ಸಿಟ್ಟು ಯಾಕೆ ಬಂತು ಎಂದು ಯಾರೂ ಕೇಳುವುದಿಲ್ಲ. ಅದರ ಸಿಟ್ಟಿನಲ್ಲಿ ನ್ಯಾಯ ಇದ್ದಿರಬಹುದು ಎಂಬ ಯೋಚನೆಯಂತೂ ಆ ಪುಸ್ತಕದ ಹತ್ತಿರ ಸುಳಿಯುವುದೇ ಇಲ್ಲ.

ಜೀವನ ಕೌಶಲ ಎಂಬ ಮಾತು ಕೆಟ್ಟದ್ದಲ್ಲ. 1993ರ ಸುಮಾರಿಗೆ ವಿಶ್ವ ಆರೋಗ್ಯ ಸಂಸ್ಥೆ ಶಾಲೆಗಳಿಗೆಂದು ಹತ್ತು ಕೌಶಲಗಳ ಪಟ್ಟಿ ಮಾಡಿತು. ನಿರ್ಧಾರ ತೆಗೆದುಕೊಳ್ಳುವುದು, ಸಮಸ್ಯೆ ಬಿಡಿಸುವುದು, ಹೊಸದಾಗಿ ಯೋಚಿಸುವುದು, ಒರೆಗೆ ಹಚ್ಚಿ ಯೋಚಿಸುವುದು, ಹೇಳಬೇಕಾದ್ದನ್ನು ಸರಿಯಾಗಿ ಹೇಳುವುದು, ಇತರರೊಡನೆ ಹೊಂದಿ ನಡೆಯುವುದು, ತನ್ನನ್ನು ತಾನು ಅರಿಯುವುದು, ಮತ್ತೊಬ್ಬರ ನೋವು ತಿಳಿಯುವುದು, ಭಾವನೆಗಳನ್ನು ನಿಭಾಯಿಸುವುದು, ಒತ್ತಡವನ್ನು ನಿಭಾಯಿಸುವುದು. ಇದರಲ್ಲಿ ಅಳಬೇಡ ಎಂದು ಎಲ್ಲಿದೆ? ಸಿಟ್ಟು ಮಾಡಬೇಡ ಎಂದು ಎಲ್ಲಿದೆ? ನಿಭಾಯಿಸಬೇಕಾದರೆ ಮೊದಲು ಗುರುತಿಸಬೇಕು. ಅಂಗಡಿಯ ಮೇಜಿಗೆ ಬರುವಷ್ಟರಲ್ಲಿ ಈ 'ಗುರುತಿಸು' ಹೋಗಿ 'ಅಡಗಿಸು' ಆಗಿದೆ. ಅಡಗಿಸುವ ವಿದ್ಯೆಯನ್ನು ಹೆಣ್ಣುಮಕ್ಕಳಾದ ನಮಗೆ ಪುಸ್ತಕ ಕೊಂಡು ಕಲಿಸಬೇಕಾಗಿತ್ತೇ? ಗಟ್ಟಿಯಾಗಿ ನಗಬೇಡ, ಎದುರು ಮಾತಾಡಬೇಡ, ಬಂದವರ ಮುಂದೆ ಮುಖ ಸಿಂಡರಿಸಬೇಡ ಎಂದು ನಮ್ಮ ಅಜ್ಜಿಯರು ಪುಕ್ಕಟೆಯಾಗಿಯೇ ಕಲಿಸಿದ್ದರು. ಅದೇ ಪಾಠ ಈಗ ಬಣ್ಣದ ರಕ್ಷಾಪುಟ ತೊಟ್ಟು ಬಂದಿದೆ, ಅಷ್ಟೇ.

ಈ ಪುಸ್ತಕಗಳು ಯಾರಿಗಾಗಿ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ಮಗು ಗಲಾಟೆ ಮಾಡದೆ ಕೂತರೆ ಸುಖ ಆಗುವುದು ಮಗುವಿಗಲ್ಲ, ದೊಡ್ಡವರಿಗೆ.

ಸುಂಕೇರಿಯ ಸೇತುವೆ ದಾಟಿ ಕದ್ವಾಡಕ್ಕೆ ಬನ್ನಿ. ಪಕ್ಕದಲ್ಲಿ ಕಾಳಿ ನದಿ, ಹಿಂದೆ ಗುಡ್ಡ, ನಡುವೆ ಗದ್ದೆ ತೆಂಗು. ನೋಡಿದವರು ಸ್ವರ್ಗ ಎನ್ನುತ್ತಾರೆ. 2009ರ ಅಕ್ಟೋಬರ್ 2ರಂದು ಇಲ್ಲಿಯ ಝರಿವಾಡದಲ್ಲಿ ಗುಡ್ಡ ಕುಸಿದು 19 ಜನ ಮಣ್ಣಿನಡಿಗೆ ಹೋದರು. 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯ ದೋಣಿ ಮಗುಚಿ 16 ಜನ ಸತ್ತರು. ಅದೇ ವರ್ಷ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಾಳಿ ದಂಡೆಯ ಊರುಗಳ ಮನೆಗಳಲ್ಲಿ ನೀರು ನಿಂತಿತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದು, ರಸ್ತೆ ಬದಿಯ ಚಹಾದಂಗಡಿಯ ಸಂಸಾರ ಮಕ್ಕಳ ಸಮೇತ ಹೋಯಿತು. ಕಾರವಾರ, ಅಂಕೋಲೆಯ ಶಾಲೆಗಳಲ್ಲಿ ಕೂತ ಮಕ್ಕಳು ಇಂಥದ್ದನ್ನು ಕಂಡವರು, ಕೇಳಿದವರು, ಕೆಲವರು ಮನೆಯಲ್ಲೇ ಅನುಭವಿಸಿದವರು. ಮಳೆ ಜೋರಾಗಿ ಹೊಡೆದ ರಾತ್ರಿಯ ಮರುದಿನ ಅವರ ಮುಖ ನೋಡಿದರೆ ಗೊತ್ತಾಗುತ್ತದೆ. ಇವರ ಕೈಗೆ ಹತ್ತು ಎಣಿಸಿ ನಗುವ ಆನೆಮರಿಯನ್ನು ಕೊಡಬೇಕೆ?

2019ರ ನೆರೆ ಇಳಿದ ಮೇಲೆ ಕೊಟ್ಟರು. ಹೊದಿಕೆ, ಅಕ್ಕಿ, ನೋಟುಬುಕ್ಕುಗಳ ಜೊತೆ ಒಂದು ಪೆಟ್ಟಿಗೆ ಪುಸ್ತಕವೂ ದಾನವಾಗಿ ಬಂತು. ಕೊಟ್ಟವರ ಮನಸ್ಸು ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಪುಸ್ತಕಗಳ ತುಂಬ ಮಾತ್ರ ಸಕಾರಾತ್ಮಕವಾಗಿ ಯೋಚಿಸು, ಸದಾ ನಗುತ್ತಿರು ಎಂಬ ಉಪದೇಶ. ಮಕ್ಕಳು ಚಿತ್ರ ನೋಡಿ ಮುಚ್ಚಿಟ್ಟರು. ಒಂದು ಮಧ್ಯಾಹ್ನ ಊಟವಾದ ಮೇಲೆ ನಾನು ಕಾಗಕ್ಕ ಗುಬ್ಬಕ್ಕನ ಕಥೆ ತೆಗೆದೆ. ಎಲ್ಲರಿಗೂ ಗೊತ್ತಿರುವ ಕಥೆ. ಕಾಗಕ್ಕನ ಮನೆ ಸಗಣಿಯದು, ಗುಬ್ಬಕ್ಕನ ಮನೆ ಮೇಣದ್ದು. ಮಳೆ ಬಂದು ಕಾಗಕ್ಕನ ಮನೆ ತೊಳೆದುಹೋಗುತ್ತದೆ. ಅವಳು ಗುಬ್ಬಕ್ಕನ ಬಾಗಿಲು ಬಡಿಯುತ್ತಾಳೆ. ಗುಬ್ಬಕ್ಕ ತಡಿ, ಮಗುವಿಗೆ ಸ್ನಾನ ಮಾಡಿಸುತ್ತಿದ್ದೇನೆ, ತಡಿ, ಮಗುವನ್ನು ಮಲಗಿಸುತ್ತಿದ್ದೇನೆ ಎನ್ನುತ್ತ ಒಳಗೇ ಇರುತ್ತಾಳೆ. ಕೊನೆ ಮನೆಗೊಂದು ತರಹ ಇದೆ, ನಾನು ಕೊನೆಯವರೆಗೆ ಹೋಗಲೇ ಇಲ್ಲ. ಕಥೆ ಹೇಳಿದ್ದು ಕೊಂಕಣಿಯಲ್ಲಿ.

ಒಬ್ಬಳು ಎದ್ದು ಕೇಳಿದಳು: ಕಾಗಕ್ಕನ ಪಾತ್ರೆಗಳೂ ಹೋದವೇ? ಇನ್ನೊಬ್ಬಳು, ರೇಷನ್ ಕಾರ್ಡು ಎಂದಳು. ಯಾರೂ ನಗಲಿಲ್ಲ. ಆಮೇಲೆ ಒಂದರ ಹಿಂದೊಂದು ಬಂತು. ಅವರ ಮನೆಯ ಕೋಳಿ ಹೋದದ್ದು, ಬೆಂಚಿನ ಮೇಲೆ ಬೆಂಚಿಟ್ಟು ಅಜ್ಜನನ್ನು ಕೂರಿಸಿದ್ದು, ಅಮ್ಮ ಕತ್ತಲೆಯಲ್ಲಿ ಅತ್ತದ್ದು. ಗುಬ್ಬಕ್ಕ ಬಾಗಿಲು ತೆಗೆಯಬೇಕಿತ್ತೋ ಇಲ್ಲವೋ ಎಂದು ದೊಡ್ಡ ಜಗಳವೇ ಆಯಿತು. ತೆಗೆಯಲೇಬೇಕಿತ್ತು, ಕೆಟ್ಟವಳು ಎಂದು ಒಂದು ಕಡೆ. ಮಾತೇ ಆಡದ ಒಬ್ಬ ಹುಡುಗ ಕೊನೆಗೆ ಹೇಳಿದ: "ಗುಬ್ಬಿಗೂ ಹೆದರಿಕೆ ಆಗಿತ್ತು ಕಾಣ್ತದೆ, ಅಕ್ಕೋರೇ. ಬಾಗಿಲು ತೆಗೆದರೆ ನೀರು ಒಳಗೆ ಬರ್ತಿತ್ತಲ್ಲ." ಪಟ್ಟಿಯಲ್ಲಿರುವ ಎಷ್ಟು ಕೌಶಲ ಆ ಒಂದು ಮಾತಿನಲ್ಲಿ ಬಂದವು, ನೀವೇ ಎಣಿಸಿಕೊಳ್ಳಿ. ಕಥೆಯ ಕೊನೆಯಲ್ಲಿ 'ನಾವು ಕಲಿತದ್ದು: ನೆರೆಯವರಿಗೆ ಸಹಾಯ ಮಾಡಬೇಕು' ಎಂದು ಬರೆದಿದ್ದರೆ ಆ ಹುಡುಗ ಬಾಯಿ ತೆರೆಯುತ್ತಿರಲಿಲ್ಲ.

ಕೊಂಕಣಿಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಮಕ್ಕಳಿಗೆ ಶಾಲೆ ಕನ್ನಡ, ಮನೆ ಕೊಂಕಣಿ. ಅಳು, ಸಿಟ್ಟು, ಹೆದರಿಕೆ ಎಲ್ಲ ಮನೆಯ ಮಾತಿನಲ್ಲೇ ಬರುತ್ತವೆ. ಸಿಟ್ಟಿಗೆ ಅವರು 'ರಾಗ' ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಹುಟ್ಟಿ, ಎಲ್ಲಿಯೋ ಅವಸರದಲ್ಲಿ ಕನ್ನಡಕ್ಕೆ ಬಂದ ಪುಸ್ತಕ 'ಕೋಪ ನಿರ್ವಹಣೆ' ಎಂದರೆ ಮಗು ಅದನ್ನು ಪರೀಕ್ಷೆಗೆ ಬರುವ ಶಬ್ದ ಎಂದುಕೊಳ್ಳುತ್ತದೆ. ಕಾರವಾರದ ಮಗುವಿನ ಚಿತ್ರಪುಸ್ತಕದಲ್ಲಿ ಮೀನಿನ ಬುಟ್ಟಿ ಇಲ್ಲ, ಬಲೆ ಇಲ್ಲ, ಹಾಲಕ್ಕಿ ಅಜ್ಜಿಯ ಕೊರಳ ಮಣಿಸರ ಇಲ್ಲ. ಮಗುವಿಗೆ ಸ್ವಂತ ಕೋಣೆ ಇರುತ್ತದೆ, ಸಿಟ್ಟು ಬಂದರೆ ಅಲ್ಲಿ ಹೋಗಿ ಕೂರುತ್ತದೆ. ಎರಡು ಕೋಣೆಯ ಮನೆಯಲ್ಲಿ ಏಳು ಜನ ಇರುವ ಮಗು ಎಲ್ಲಿ ಹೋಗಿ ಕೂರಬೇಕು?

ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ರಾಜರತ್ನಂ ಅವರ ತುತ್ತೂರಿ ಪದ್ಯ ಯಾರಿಗೆ ಪ್ರಿಯವಲ್ಲ? ಆದರೆ ಬಣ್ಣದ ತುತ್ತೂರಿ ನೀರುಪಾಲಾಗಿ ಅಳುವ ಮಗುವಿಗೆ ಅಲ್ಲಿಯೂ ಜಂಬದ ಶಿಕ್ಷೆ ಎಂಬ ಷರಾ ಬೀಳುತ್ತದೆ. ಅದು ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಗೋವಿನ ಹಾಡನ್ನು ಸತ್ಯದ ಪಾಠ ಎಂದೇ ನಾವು ಕಲಿಸುತ್ತೇವೆ. ಮಕ್ಕಳ ಗಂಟಲು ಕಟ್ಟುವುದು ಸತ್ಯದ ಹತ್ತಿರವಲ್ಲ, ತಬ್ಬಲಿಯಾಗಲಿರುವ ಕರುವಿನ ಹತ್ತಿರ. ಈಚೆಗೆ ಕೆಲವು ತಾಯಂದಿರು ಅದು ಕ್ರೂರ, ಮಕ್ಕಳಿಗೆ ಬೇಡ ಎನ್ನುತ್ತಾರೆ. ತಲೆಮಾರುಗಳು ಆ ಹಾಡಿಗೆ ಅತ್ತಿವೆ, ಅತ್ತು ಹಗುರಾಗಿವೆ. ಪಂಜೆ ಮಂಗೇಶರಾಯರ 'ಸಿಗಡಿ ಯಾಕೆ ಒಣಗಲಿಲ್ಲ' ನಮ್ಮ ಕರಾವಳಿಯ ಮಕ್ಕಳಿಗೆ ಹೇಳಿ ಮಾಡಿಸಿದ್ದು. ತಪ್ಪನ್ನು ಒಬ್ಬರು ಇನ್ನೊಬ್ಬರ ಮೇಲೆ ದಾಟಿಸುತ್ತ ಹೋಗುವ ಆ ಸರಪಳಿಯನ್ನು ಕೇಳಿದ ಮಗು ನಗುತ್ತಲೇ ಮನುಷ್ಯರನ್ನು ಅರಿಯುತ್ತದೆ. ಇನ್ನು ಚಂದಮಾಮ ಓದಿ ಬೆಳೆದ ನನ್ನ ವಯಸ್ಸಿನವರಿಗೆ ಬೇತಾಳ ನೆನಪಿರಬೇಕು. ಅವನು ಕಥೆಯ ಕೊನೆಗೆ ನೀತಿ ಹೇಳುತ್ತಿರಲಿಲ್ಲ, ಪ್ರಶ್ನೆ ಕೇಳುತ್ತಿದ್ದ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಾವಿರ ಹೋಳು! ಆ ಕ್ಷಣದಲ್ಲಿ ವಿಕ್ರಮನಿಗಿಂತ ಮುಂಚೆ ನಾವು ಯೋಚಿಸುತ್ತಿದ್ದೆವು.

ದುಃಖದ ಕಥೆ ಓದಿದರೆ ಮಗು ಹೆದರುತ್ತದೆ, ಮನಸ್ಸಿಗೆ ಗಾಯವಾಗುತ್ತದೆ ಎಂಬುದು ದೊಡ್ಡ ಆಕ್ಷೇಪ. ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ, ಕಾರವಾರದ ಕಡಲತೀರಕ್ಕೆ ಯಾರ ಹೆಸರಿದೆ ನೋಡಿ. 1880ರ ದಶಕದ ಆರಂಭದಲ್ಲಿ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರರು ಬಂದು ಉಳಿದರು, ಬೆಳದಿಂಗಳಲ್ಲಿ ಇದೇ ಕಾಳಿಯ ಮೇಲೆ ದೋಣಿಯಲ್ಲಿ ಹೋದರು. ಇಲ್ಲಿಯೇ ಬರೆದದ್ದು 'ಪ್ರಕೃತಿರ್ ಪ್ರತಿಶೋಧ್' ನಾಟಕ. ಎಲ್ಲ ಭಾವನೆಗಳನ್ನೂ ಕತ್ತರಿಸಿ ಗೆದ್ದೆ ಎಂದುಕೊಂಡ ಸನ್ಯಾಸಿಯೊಬ್ಬನನ್ನು ಅನಾಥ ಹುಡುಗಿಯೊಬ್ಬಳ ಪ್ರೀತಿ ಲೋಕಕ್ಕೆ ಎಳೆಯುತ್ತದೆ. ಅವನು ಅದನ್ನು ಒಪ್ಪಿಕೊಂಡು ತಿರುಗಿ ಬರುವಷ್ಟರಲ್ಲಿ ಅವಳಿಲ್ಲ. ಭಾವನೆಯನ್ನು ಅಡಗಿಸುವ ವಿದ್ಯೆಗೆ ನಮ್ಮೂರ ದಂಡೆಯಲ್ಲೇ ಹುಟ್ಟಿದ ಉತ್ತರ ಅದು. ಇದೇ ರವೀಂದ್ರರು ಮುಂದೆ 'ಡಾಕ್‌ಘರ್' ಬರೆದರು. ಕಾಯಿಲೆಯ ಹುಡುಗ ಅಮಲ್ ಕಿಟಕಿಯ ಬಳಿ ಕೂತು ರಾಜನ ಪತ್ರಕ್ಕೆ ಕಾಯುವ ನಾಟಕ. 1942ರ ಜುಲೈ 18ರಂದು ನಾಜಿಗಳು ಗೋಡೆ ಕಟ್ಟಿ ಕೂಡಿಹಾಕಿದ್ದ ವಾರ್ಸಾದ ಯಹೂದಿ ಕೇರಿಯಲ್ಲಿ, ಅನಾಥಾಲಯ ನಡೆಸುತ್ತಿದ್ದ ಡಾಕ್ಟರ್ ಯಾನುಷ್ ಕೊರ್ಚಾಕ್ ತಮ್ಮ ಮಕ್ಕಳಿಂದ ಆ ನಾಟಕ ಆಡಿಸಿದರು. ಮೂರು ವಾರ ತುಂಬುವುದರೊಳಗೆ ಸುಮಾರು 200 ಮಕ್ಕಳನ್ನೂ, ಅವರನ್ನು ಬಿಟ್ಟು ಹೋಗಲೊಪ್ಪದ ಡಾಕ್ಟರನ್ನೂ ತ್ರೆಬ್ಲಿಂಕಾದ ಸಾವಿನ ಶಿಬಿರಕ್ಕೆ ಒಯ್ದರು. ಮಕ್ಕಳ ಮನಸ್ಸನ್ನು ಅವರಷ್ಟು ಬಲ್ಲವರು ಕಡಿಮೆ. ಸುತ್ತ ಸಾವಿರುವಾಗ ಅವರು ಮಕ್ಕಳಿಗೆ ನಗುವ ಮೊಲದ ಕಥೆ ಆರಿಸಲಿಲ್ಲ, ಸಾಯುವ ಹುಡುಗನ ಕಥೆ ಆರಿಸಿದರು.

ನೇರವಾಗಿ ಹೇಳುವ ಪುಸ್ತಕವೇ ಬೇಡವೆ? ಬೇಕು. ಮೈ ಮುಟ್ಟುವ ವಿಚಾರದಲ್ಲಿ ಸುತ್ತಿ ಬಳಸಬಾರದು. ಯಾವುದು ಸರಿಯಲ್ಲ, ಯಾರಿಗೆ ಹೇಳಬೇಕು, 1098ಕ್ಕೆ ಫೋನು ಮಾಡಬಹುದು ಎಂಬುದನ್ನೆಲ್ಲ ಬಿಡಿಸಿ ಹೇಳುವ ಪುಸ್ತಕ ಪ್ರತಿ ಶಾಲೆಯಲ್ಲೂ ಇರಬೇಕು. ದೊಡ್ಡ ಹುಡುಗಿಯರಿಗೆ ಮುಟ್ಟಿನ ಬಗ್ಗೆಯೂ ಹಾಗೆಯೇ. ಅವು ಮಾಹಿತಿಯ ಪುಸ್ತಕಗಳು, ತಾವು ಕಥೆ ಎಂದು ಸೋಗು ಹಾಕುವುದಿಲ್ಲ. ರಾತ್ರಿಯಿಡೀ ಬೆಚ್ಚಿ ಏಳುವ, ಊಟ ಬಿಟ್ಟ ಮಗುವಿಗೆ ಯಾವ ಪುಸ್ತಕವೂ ಸಾಲದು, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು.

ಹಾಗಾದರೆ ಯಾವುದು ಕೊಳ್ಳಲಿ ಎಂದು ಪಟ್ಟು ಹಿಡಿಯುವವರಿಗೆ ನಾನು ಮೊದಲು ಹೇಳುವ ಹೆಸರು 'ತೊತ್ತೊ ಚಾನ್'. ಜಪಾನಿನ ತೆತ್ಸುಕೊ ಕುರೊಯಾನಗಿ 1981ರಲ್ಲಿ ಪ್ರಕಟಿಸಿದ ತಮ್ಮ ಬಾಲ್ಯದ ಕಥೆ. ನ್ಯಾಷನಲ್ ಬುಕ್ ಟ್ರಸ್ಟ್ ಅದನ್ನು ಕನ್ನಡದಲ್ಲಿ ತಂದಿದೆ. ಶಾಲೆಯಿಂದ ಹೊರಹಾಕಿಸಿಕೊಂಡ ಹುಡುಗಿಯೊಬ್ಬಳ ಮಾತನ್ನು ಹೊಸ ಶಾಲೆಯ ಮುಖ್ಯಮಾಸ್ತರರು ನಾಲ್ಕು ಗಂಟೆ ಕೂತು ಕೇಳುತ್ತಾರೆ, ಆಕಳಿಸದೆ! ಪೋಲಿಯೊ ಆದ ಗೆಳೆಯನನ್ನು ಅವಳು ಮರ ಹತ್ತಿಸುತ್ತಾಳೆ. ಆ ಗೆಳೆಯ ಮುಂದೆ ಸಾಯುತ್ತಾನೆ, ಯುದ್ಧದಲ್ಲಿ ಶಾಲೆ ಸುಟ್ಟುಹೋಗುತ್ತದೆ. ಎಲ್ಲಿಯೂ ಯಾರೂ ಬುದ್ಧಿ ಹೇಳಲು ನಿಲ್ಲುವುದಿಲ್ಲ. ನಮ್ಮ ಮಕ್ಕಳು ಓದುವುದಕ್ಕಿಂತ ಮೊದಲು ನಮ್ಮ ಮಾಸ್ತರರೆಲ್ಲ ಓದಬೇಕಾದ ಪುಸ್ತಕ.

ಉಳಿದದ್ದಕ್ಕೆ ಹೆಸರು ಬೇಕಿಲ್ಲ. ಅಂಗಡಿಯಲ್ಲಿ ನಿಂತೇ ಕೊನೆಯ ಪುಟ ತೆಗೆಯಿರಿ. ಕೊನೆಯ ಮಾತು ದೊಡ್ಡವರದ್ದಾದರೆ ಅಲ್ಲೇ ಇಡಿ. ತೊಂದರೆಯನ್ನು ಬಿಡಿಸುವವರು ಯಾರು, ಮಗುವೋ ಗೂಬೆಯೋ ನೋಡಿ. ಒಂದು ಪುಟ ಗಟ್ಟಿಯಾಗಿ ಓದಿ, ನಿಮ್ಮ ನಾಲಿಗೆಯೇ ತಡವರಿಸಿದರೆ ಮಗುವಿನ ಕಿವಿಗೆ ಅದು ಹೋಗುವುದಿಲ್ಲ. ದುಡ್ಡಿಲ್ಲ ಎನ್ನುವವರಿಗೂ ದಾರಿ ಇದೆ. 2020ರ ನವೆಂಬರಿನಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮ ಪಂಚಾಯಿತಿ ಗ್ರಂಥಾಲಯಗಳ ಬಾಗಿಲನ್ನು ಮಕ್ಕಳಿಗೆ ಪುಕ್ಕಟೆಯಾಗಿ ತೆರೆಯಿತು. ಪ್ರಥಮ್ ಬುಕ್ಸ್‌ನವರ 'ಸ್ಟೋರಿವೀವರ್'ನಲ್ಲಿ ಕನ್ನಡದ ಕಥೆಗಳು ಮೊಬೈಲಿನಲ್ಲೇ ಸಿಗುತ್ತವೆ, ಕೊಂಕಣಿಯದ್ದೂ ಇದ್ದರೆ ಹುಡುಕಿ ನೋಡಿ. ಓದಿದ ಮೇಲೆ 'ಏನು ಕಲಿತೆ?' ಎಂದು ಮಾತ್ರ ದಯವಿಟ್ಟು ಕೇಳಬೇಡಿ.

ಇನ್ನು ಶಾಲೆಗಳಿಗೆ ಪುಸ್ತಕ ದಾನ ಮಾಡುವ ಹಳೆಯ ವಿದ್ಯಾರ್ಥಿಗಳಿಗೆ, ಮಹಿಳಾ ಮಂಡಳದವರಿಗೆ ಒಂದು ಮಾತು. ನಲವತ್ತು ಪುಸ್ತಕದ ಕಟ್ಟು ಸೋವಿಯಲ್ಲಿ ಸಿಕ್ಕಿತೆಂದು ತಂದು ಕೊಡಬೇಡಿ. ಆ ದುಡ್ಡಿನಲ್ಲಿ ಹತ್ತು ಮಕ್ಕಳನ್ನು ರವಿವಾರದ ದಿನ ಪೇಟೆಗೆ ಕರೆದುಕೊಂಡು ಹೋಗಿ, ಪುಸ್ತಕದಂಗಡಿಯಲ್ಲಿ ಬಿಟ್ಟು, ನೀವು ಹೊರಗೆ ನಿಲ್ಲಿ. ಅವರು ದೆವ್ವದ ಕಥೆ ತಂದರೂ ಬಿಲ್ಲು ಕೊಡಿ.